ಎರಡು ದ್ವೀಪಗಳ ನಡುವಿನ ದೂರ

ಮಾಲ್ಡೀವ್ಸ್‌ನ ದಕ್ಷಿಣ ತುದಿಯ ದ್ವೀಪದಿಂದ ರಾಜಧಾನಿಯ ದ್ವೀಪಕ್ಕೆ ವಿಮಾನದಲ್ಲಿ ಸುಮಾರು ಐನೂರ ನಲವತ್ತು ಕಿಲೋಮೀಟರ್, ಒಂದು ಗಂಟೆ ಹತ್ತು ನಿಮಿಷ. ಚಾಮರಾಜನಗರದ ನನ್ನ ಮನೆಯಿಂದ ಗುಂಡ್ಲುಪೇಟೆಯ ಅಕ್ಕನ ಮನೆಗೆ ಬಸ್ಸಿನಲ್ಲಿ ಎಷ್ಟೊತ್ತು ಎಂದು ಕೇಳಿದರೆ ಇವತ್ತಿಗೂ ತಡವರಿಸುತ್ತೇನೆ. ಇದು ಮಾತ್ರ ಬಾಯಿಪಾಠ.

ಆ ತುದಿಯ ದ್ವೀಪದ ರೆಸಾರ್ಟಿನಲ್ಲಿ ಭಾವ ಎಲೆಕ್ಟ್ರಿಷಿಯನ್ ಆಗಿದ್ದರು. ಒಂದು ಬೆಳಿಗ್ಗೆ ಜನರೇಟರ್ ಕೋಣೆಯಲ್ಲಿ ಎದೆ ಹಿಡಿದುಕೊಂಡು ಕುಸಿದವರು ಏಳಲಿಲ್ಲ. ಅಕ್ಕ ಅತ್ತು ಸುಸ್ತಾದ ಮೇಲೆ ಕೇಳಿದ್ದು ಒಂದೇ.

"ನಮ್ ಪದ್ಧತೀಲೇ ಆಗ್ಬೇಕು ಕಣಪ್ಪ. ಅವ್ರನ್ನ ಕೂರ್ಸಿ, ಕೈಗೆ ಲಿಂಗ ಕೊಟ್ಟು ಮಣ್ಮಾಡ್ಬೇಕು."

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಪೂಜೆಗೆ ಕುಳಿತ ಹಾಗೆ ಚಕ್ಕಳಮಕ್ಕಳ ಹಾಕಿಸಿ ಚೌಕದ ಗುಣಿಗೆ ಇಳಿಸುತ್ತೇವೆ.

ಭಾವನನ್ನು ಊರಿಗೆ ತರಿಸುವ ಜವಾಬ್ದಾರಿ ನನ್ನ ತಲೆಗೆ ಬಂತು. ಕಾಗದಪತ್ರಕ್ಕೇ ನಾಲ್ಕು ದಿನ ಹೋಯಿತು. ಅಷ್ಟೂ ದಿನ ನಾನು ಹೆದರಿದ್ದು ಬಂಡೀಪುರಕ್ಕೆ. ಕೊಚ್ಚಿಯಿಂದ ಬರುವ ಆಂಬುಲೆನ್ಸು ರಾತ್ರಿ ಗೇಟು ಹಾಕುವ ಹೊತ್ತಿಗೆ ಕಾಡಂಚಿಗೆ ಬಂದರೆ? ಆಂಬುಲೆನ್ಸಿಗೆ ಬಿಡುತ್ತಾರೆಂದು ಎಲ್ಲರೂ ಹೇಳಿದರು. ಬದುಕಿರುವವರಿಗೆ ಬಿಡುತ್ತಾರೆ, ಸತ್ತವರಿಗೆ ಏನು ಅವಸರ ಎಂದು ಕೇಳಿದರೆ? ಹಾಗಾಗಿ ಫೋನಿನಲ್ಲಿ ದ್ವೀಪದಿಂದ ದ್ವೀಪಕ್ಕೆ, ಅಲ್ಲಿಂದ ಕೊಚ್ಚಿಗೆ ನಿಮಿಷ ಎಣಿಸುತ್ತ ಕೂತೆ. ಬಂದವರಿಗೆಲ್ಲ ಆ ಲೆಕ್ಕವನ್ನೇ ಒಪ್ಪಿಸಿದೆ.

"ಏನ್ಲಾ, ಪೈಲೆಟ್ಟಾಗ್ಬುಟ್ಟಾ?" ಎಂದರು ದೊಡ್ಡಪ್ಪ. ಸಾವಿನ ಮನೆಯಲ್ಲೂ ಒಂದಿಬ್ಬರು ನಕ್ಕರು.

ರೆಸಾರ್ಟಿನ ಮ್ಯಾನೇಜರ್ ಫೋನ್ ಮಾಡಿ, ದೇಹ ಕೆಡದಂತೆ ಔಷಧಿ ಹಾಕಿ ಮಲಗಿಸಿದ್ದೇವೆ, ಪೆಟ್ಟಿಗೆ ಆರೂವರೆ ಅಡಿ, ಆಗಬಹುದಾ ಎಂದ. "ಓಕೆ ಓಕೆ, ಪ್ಲೇನ್ ಎಷ್ಟೊತ್ತಿಗೆ ಬಿಡುತ್ತೆ?" ಎಂದೆ.

ಐದನೇ ದಿನ ಆಂಬುಲೆನ್ಸು ಒಳ್ಳೆ ಬಿಸಿಲಿನಲ್ಲಿ ಕಾಡು ದಾಟಿ, ನಾನು ಹೇಳಿದ್ದಕ್ಕಿಂತ ಹತ್ತು ನಿಮಿಷ ಮೊದಲೇ, ಗುಣಿ ತೆಗೆದಿದ್ದ ಅಕ್ಕನ ತೋಟಕ್ಕೆ ಬಂತು. ಆ ಹತ್ತು ನಿಮಿಷಕ್ಕೆ ನನಗೊಂದು ಹೆಮ್ಮೆಯೂ ಆಯಿತು, ನಾಚಿಕೆಗೇಡು.

ಪೆಟ್ಟಿಗೆಯ ಸ್ಕ್ರೂ ಬಿಚ್ಚಿದರು. ಭಾವ ಹಲಗೆಯ ಹಾಗೆ ನೆಟ್ಟಗೆ ಮಲಗಿದ್ದರು. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನೋರು ಮಂಡಿಯನ್ನು ಒಮ್ಮೆ ಒತ್ತಿ ನೋಡಿ ಕೈ ತೆಗೆದರು.

"ಔಷ್ದೀಗೆ ಸೆಟ್ಕೊಂಡದೆ, ಬಗ್ಗಾಕಿಲ್ಲ. ಬಲವಂತ ಮಾಡುದ್ರೆ ಮೂಳೆ ಮುರೀತದೆ."

ಹಿಂದೆ ಚೌಕದ ಗುಣಿ ಸಿದ್ಧವಾಗಿತ್ತು. ಒಳಗೆ ಸುಣ್ಣ ಬಳಿದು, ಕೂರಲು ಮಣೆಯಷ್ಟು ಜಾಗ ಮಾಡಿದ್ದರು. ಅಗೆದವನು ಹಾರೆ ಹಿಡಿದು ಕೇಳಿದ: "ಉದ್ದ ಎಸ್ಟ್ ತಗೀಬೇಕು, ಯೋಳಿ?"

ಎಲ್ಲರೂ ನನ್ನ ಕಡೆ ನೋಡಿದರು. ಇಪ್ಪತ್ತು ವರ್ಷ ನನ್ನ ಪಕ್ಕ ಕೂತು ಉಂಡ ಮನುಷ್ಯನ ಎತ್ತರ ನನಗೆ ಗೊತ್ತಿರಲಿಲ್ಲ. ಪೆಟ್ಟಿಗೆಯದು ಗೊತ್ತಿತ್ತು.

"ಆರೂವರೆ ಅಡಿ," ಎಂದೆ.

ಹಾರೆ ಬೀಳತೊಡಗಿತು. ಅಕ್ಕ ಹತ್ತಿರ ಬಂದಳು.

"ಅಳತೆ ಎಂಗ್ ಗೊತ್ತಾಯ್ತು ನಿಂಗೆ? ಮೊದ್ಲೇ ಯೋಳಿದ್ರಾ ಅವ್ರು?"

"ಯೋಳಿದ್ರು ಅಕ್ಕ. ನಾನು ಟೈಮ್ ಕೇಳ್ತಿದ್ದೆ."

ಅವಳು ಬಯ್ಯಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡಿದ್ದ ಇಬೂತಿ ಉಂಡೆಯನ್ನು ನನ್ನ ಕೈಗೆ ಹಾಕಿದಳು.

"ಅವ್ರ ಹಣೆಗಾದ್ರೂ ನೀನೇ ಅಚ್ಚು."

ಹಚ್ಚಿದೆ. ಹಣೆ ತಣ್ಣಗೆ, ಒದ್ದೆಯಾಗಿತ್ತು. ಇಬೂತಿ ನಿಲ್ಲದೆ ಇಳಿದು ಕಣ್ಣ ಗುಳಿಯಲ್ಲಿ ಕೂತಿತು.