ಎರಡು ಮಣ್ಣಿನ ಎತ್ತು

ಅಂಗಳ ಸಾರಿಸಿದೆ. ನೀರು ತಂದೆ. ಎಮ್ಮೆಗೆ ಹಿಂಡಿ ಕಲಸಿಟ್ಟೆ. ಕಡಲೆಬೇಳೆ ಬೇಯಿಸಿ, ಕಟ್ಟು ಬಸಿದು, ಬೆಲ್ಲ ಹಾಕಿ ಹೂರಣ ರುಬ್ಬಿದೆ. ಮಾವನವರ ಪೂಜೆಗೆ ವಿಭೂತಿ, ಪತ್ರಿ ಇಟ್ಟೆ. ಮೈದುನನ ಅಂಗಿ ಒಗೆಯುವ ಮುಂಚೆ ಜೇಬು ಝಾಡಿಸಿದೆ. ಎಂದಿನಂತೆ ಮಣ್ಣು ಉದುರಿತು. ಮಣ್ಣೆತ್ತಿನ ಅಮಾವಾಸ್ಯೆಯಲ್ಲವೇ, ಎತ್ತು ಮಾಡಲು ಹೊಲದಿಂದ ತಂದ ಕರಿಮಣ್ಣಿನ ಹರಳು ಆರಿಸಿದೆ.

ಇಷ್ಟು ವರ್ಷಗಳಾದರೂ ಆ ದಿನದ ಕೆಲಸಗಳು ಸಾಲಾಗಿ ನೆನಪಿವೆ. ಕೈ ಮಾಡಿದ್ದನ್ನು ಮಲಗುವ ಮುಂಚೆ ಮನಸ್ಸು ಇನ್ನೊಮ್ಮೆ ಮಾಡುವುದು ನನ್ನ ರೂಢಿ. ಮಿಕ್ಕದ್ದೆಲ್ಲ ಬಿಸಿಲಿನಾಚೆ ಕಾಣುವ ಹೊಲದಂತೆ ಸ್ವಲ್ಪ ನಡುಗುತ್ತ ಕಾಣುತ್ತದೆ.

ಭಾಲ್ಕಿಯ ನಮ್ಮ ಮನೆಯಲ್ಲಿ ಆಗ ಅತ್ತೆ, ಮಾವ, ನನ್ನ ಇಬ್ಬರು ಹೆಣ್ಣುಮಕ್ಕಳು, ಮೈದುನ ಮತ್ತು ನಾನು. ಯಜಮಾನರದು ಬೀದರಿನ ಕಚೇರಿಯಲ್ಲಿ ನೌಕರಿ. ಹಬ್ಬಕ್ಕೆ ಬಂಡಿಯಲ್ಲಿ ಬರುತ್ತಿದ್ದರು. ನಾನು ಸೊಸೆಯಾಗಿ ಬಂದಾಗ ಮೈದುನ ಇನ್ನೂ ಸಣ್ಣವ. ಹೋದ ಹೋದ ಊರಿನ ಮಣ್ಣು ಜೇಬಿನಲ್ಲಿ ತಂದು, ನಾಲಿಗೆಯ ತುದಿಗೆ ಹಚ್ಚಿಕೊಂಡು, "ವೈನಿ, ಔರಾದ ಕಡಿ ಮಣ್ಣು ಸಿಹಿ ಅದ, ನಮ್ಮದು ಸಪ್ಪಗ" ಅನ್ನುತ್ತಿದ್ದ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ನಾನೂ ಕಣ್ಣು ಮುಚ್ಚಿ ಹಚ್ಚಿಕೊಂಡು ನೋಡಿದೆ. ಸಿಹಿಯೋ ಸಪ್ಪೆಯೋ ತಿಳಿಯಲಿಲ್ಲ. ಎಲ್ಲೋ ದೂರ ಮೊದಲ ಮಳೆ ಬಿದ್ದಂತೆ ಅನ್ನಿಸಿತು, ಅಷ್ಟೇ.

ಆ ವರ್ಷ ಅವನು ಸಾಲಿ ಮುಗಿಸಿದ್ದ. ಮುಂದಿನ ಓದಿಗೆ ಅರ್ಜಿ ಹಾಕಬೇಕು, ಅರ್ಜಿಯ ಜೊತೆ ಸಾಲಿಯ ಸರ್ಟಿಫಿಕೇಟು ಲಗತ್ತಿಸಬೇಕು. ಅದು ಇದ್ದದ್ದು ಒಂದೇ. ಹಾಗಾಗಿ ಅರ್ಜಿಯೂ ಒಂದೇ ಕಡೆ. ಹೈದರಾಬಾದಿನ ದೊಡ್ಡ ಕಾಲೇಜಿಗೆ ಕಲ್ಲಿನ ಕಮಾನು, ದೊಡ್ಡ ಹೆಸರು, ಓದಿದವರಿಗೆ ಸರಕಾರಿ ಹುದ್ದೆ. ಆದರೆ ಅಲ್ಲಿ ಅವನಿಗೆ ಸಿಗುವುದು ಕಾನೂನು, ಚರಿತ್ರೆ. ಅವನು ಬಯಸಿದ ಮಣ್ಣಿನ ಓದು ಇದ್ದದ್ದು ನಮ್ಮ ಸಂಸ್ಥಾನದ ಗಡಿಯಾಚೆ, ಇಂಗ್ರೇಜರು ಆಳುವ ಸೀಮೆಯ ಒಂದು ಸಣ್ಣ ಒಕ್ಕಲುತನದ ಸಾಲಿಯಲ್ಲಿ. ಮೆಹಕರದ ನಮ್ಮ ಬೀಗರು ಅದನ್ನು ನೋಡಿ ಬಂದಿದ್ದರು. ತಗಡಿನ ಛಾವಣಿ, ಮರಾಠಿ ಪಾಠ, ಬೆಳಗಾದರೆ ಕೈಗೆ ಸಲಿಕೆ.

ಹಬ್ಬದ ಹಿಂದಿನ ಸಂಜೆ ಬಂದ ಯಜಮಾನರು ಕಾಲು ತೊಳೆಯುವಾಗಲೇ ಶುರು ಮಾಡಿದರು. "ಒಕ್ಕಲಿಗನ ಮಗ ಒಕ್ಕಲುತನ ಕಲಿಲಿಕ್ಕ ಹೊಂಟಾನಂತ! ನಾಳಿ ರೊಟ್ಟಿ ತಿನ್ನೋದು ಕಲಿಲಿಕ್ಕೂ ಒಂದು ಸಾಲಿ ಹುಡುಕ್ತಾನ ನೋಡವ್ವ."

ಅತ್ತೆ ಮೈದುನನ ತಲೆ ಸವರಿದರು. "ಹೈದರಾಬಾದಿಗೆ ಹೋಗೋ ಕೂಸ. ಶೇರ್ವಾನಿ ಹಾಕ್ಕೊಂಡು ಕುದರಿ ಮ್ಯಾಲ ಬಾ. ಠಾಣಾ ಕುಶನೂರಾಗ ನನ್ನ ತವರಿನವರು ಎದ್ದು ನಿಂತು ನೋಡಲಿ."

"ಕುದರಿ ಮ್ಯಾಲಿಂದ ಮಣ್ಣು ಕಾಣಂಗಿಲ್ಲವ್ವ," ಅಂದ ಅವನು.

ಮಾವ ಮಾತ್ರ "ನಾಳಿ ಸಂಜೀಕ ಹೇಳ್ತೇನಿ" ಎಂದು ಎದ್ದುಹೋದರು. ಮನೆಯಲ್ಲಿ ಅವರ ಮಾತೇ ಕೊನೆ.

ಅಮಾವಾಸ್ಯೆಯ ಎತ್ತು ನಮ್ಮಲ್ಲಿ ಯಾವಾಗಲೂ ಕರಿಮಣ್ಣಿನವು. ಒಣಗುವಾಗ ಅವುಗಳ ಬೆನ್ನು ಬಿರಿಯುತ್ತದೆ, ಅತ್ತೆ ಒದ್ದೆ ಬೆರಳಿನಿಂದ ಸವರಿ ಮುಚ್ಚುತ್ತಾರೆ. ಎಲ್ಲರ ಮನೆಯಲ್ಲೂ ಹಾಗೆಯೇ. ಯಾಕೆಂದು ಯಾರೂ ಕೇಳಿದವರಿಲ್ಲ. ಆ ಸಲ ಯಜಮಾನರು ಬೀದರಿನಿಂದ ಒಂದು ಗಂಟು ಕೆಂಪು ಮಣ್ಣು ತಂದಿದ್ದರು. "ನಮಗ ಅನ್ನ ಹಾಕೋ ಊರಿಂದು. ಒಂದು ಜೋಡಿ ಇದರದೂ ಆಗಲಿ" ಎಂದು ತಾವೇ ಕುಳಿತು ಮಾಡಿದರು. ಹಸಿ ಇದ್ದಾಗ ಚೆಂದವೇ ನಿಂತವು. ಬಿಸಿಲು ಏರಿದಂತೆ ಒಂದರ ಕೊಂಬು ಉದುರಿತು, ಆಮೇಲೆ ಕಾಲು.

"ಅಪ್ಪನ ಎತ್ತು ಕೂತ್ಕೊಂತು!" ಮಕ್ಕಳು ಕುಣಿದಾಡಿದರು.

ಮೈದುನ ನಗಲಿಲ್ಲ. ಉದುರಿದ ಕೆಂಪನ್ನು ಪುಡಿ ಮಾಡಿ ಕರಿಮಣ್ಣಿಗೆ ಹಿಡಿ ಹಿಡಿಯಾಗಿ ಸೇರಿಸಿ ನಾದಿದ. ಬೆರಳ ತುದಿ ನೆಕ್ಕಿ ನೋಡಿ ಇನ್ನಷ್ಟು ಸೇರಿಸಿ, ಒಂದೇ ಒಂದು ಎತ್ತು ಮಾಡಿದ. ಆ ಎತ್ತು ಅದೇ ಬಿಸಿಲಲ್ಲಿ ಒಣಗಿತು. ಬಿರಿಯಲಿಲ್ಲ, ಉದುರಲಿಲ್ಲ.

ಸಂಜೆ ಪೂಜೆಗೆ ಮುಂಚೆ ಮಾವ ಅದನ್ನು ಎತ್ತಿಕೊಂಡು ಬೆನ್ನು, ಹೊಟ್ಟೆ ತಿರುಗಿಸಿ ನೋಡಿದರು. ನಾನು ಸೆರಗು ಎಳೆದುಕೊಂಡು ಬಾಗಿಲ ಮರೆಗೆ ನಿಂತಿದ್ದೆ.

"ಇದು ಹ್ಯಾಂಗ ಬಿರಿಲಿಲ್ಲೋ?"

"ಎರಡೂ ಕೂಡಿಸೀನ್ರಿ ಅಪ್ಪ."

ಯಜಮಾನರು ತೊಡೆ ತಟ್ಟಿದರು. "ನೋಡ್ರಿ! ಎಲ್ಲಾ ಬರ್ತದ ಅವಂಗ. ಬರೋದನ್ನ ಕಲಿಲಿಕ್ಕ ಗಡಿ ದಾಟಿ ಯಾಕ ಹೋಗಬೇಕು?"

ಮಾವ ತಲೆದೂಗಿದರು. ಹೈದರಾಬಾದೇ ಗಟ್ಟಿಯಾಯಿತು ಅಂದುಕೊಂಡೆ. ಇನ್ನು ಮೇಲೆ ಜೇಬು ಝಾಡಿಸಿದರೆ ಏನೂ ಉದುರುವುದಿಲ್ಲವಲ್ಲ ಎಂದು ಕೈ ಬರಿದಾದಂತೆ ಆಯಿತು.

"ಮಾಡ್ಲಿಕ್ಕ ಬಂತಣ್ಣ," ಮೈದುನನ ದನಿ ಸಣ್ಣದಾಗಿತ್ತು. "ಯಾಕ ಹಾಂಗಾಯ್ತು ಅಂಬೋದು ಗೊತ್ತಿಲ್ಲ. ಕರಿದು ಯಾಕ ಬಿರಿತದ, ಕೆಂಪು ಯಾಕ ಉದರ್ತದ, ಕೂಡಿದ್ರ ಯಾಕ ಸುಮ್ಮ ಇರ್ತಾವ? ಹೈದರಾಬಾದಾಗ ಇದನ್ನ ಯಾರ್ ಹೇಳ್ತಾರ?"

ಹೊರಗೆ ಎಮ್ಮೆ ಮೆಲುಕು ಹಾಕುವುದು ಕೇಳುತ್ತಿತ್ತು.

"ಹುಟ್ಟಿದಾಗಿಂದ ಈ ಮಣ್ಣಾಗ ಇದ್ದೀನಿ," ಮಾವ ಮೆಲ್ಲಗೆ ಅಂದರು, "ನಂಗೂ ಗೊತ್ತಿಲ್ಲ." ಎತ್ತನ್ನು ಗೋಡೆಯ ದೇವರ ಗೂಡಿನ ನಟ್ಟನಡುವೆ ಇಟ್ಟರು. ಯಜಮಾನರ ಕಡೆ ತಿರುಗಿ, "ನಾಳಿ ಅರ್ಜಿ ಟಪಾಲಿಗೆ ಹಾಕೋ ಮುಂದ ಗಡಿ ಆಚಿ ವಿಳಾಸ ಬರಿ" ಅಂದರು. ಮೈದುನನಿಗೆ, "ತಿಳ್ಕೊಂಡು ಬಂದು ನಂಗ ಹೇಳು. ನಾ ಇರೋದ್ರೊಳಗ ಹೇಳು."

ಯಜಮಾನರು ಉಗುರಿನ ಕೆಂಪು ಕೆರೆದುಕೊಳ್ಳುತ್ತ, "ತಹಶೀಲ್ದಾರನ ಅಣ್ಣ ಆಗೋದು ತಪ್ಪಿತಲ್ಲೋ" ಅಂದರು. ತಾವೇ ಮೊದಲು ನಕ್ಕರು.

ಅತ್ತೆ ನಗಲಿಲ್ಲ. "ನನ್ನ ಕೂಸು ತಗಡಿನ ಕೆಳಗ ಮಲಗ್ತದಂತ. ಇನ್ನ ನನ್ನ ಕಣ್ಣಿಗಿ ನಿದ್ದಿ ಎಲ್ಲಿದು!"

ನಾನು ದೀಪ ಹಚ್ಚಿದೆ. ಕುಡಿ ಅಲುಗಿದಾಗ ಗೂಡಿನ ಎತ್ತುಗಳ ನೆರಳು ಗೋಡೆಯ ಮೇಲೆ ಹೆಜ್ಜೆ ಕಿತ್ತಂತೆ ಕಂಡಿತು. ಕರಿಯವು ಎರಡೂ ಬದಿಗೆ, ನಡುವೆ ಆ ಒಂಟಿ ಎತ್ತು. ಯಾವುದೋ ದೂರದ ಹೊಲಕ್ಕೆ, ಅವಸರವಿಲ್ಲದೆ, ಹೊರಟಂತೆ. ಈಗಲೂ ಕಣ್ಣು ಮುಚ್ಚಿದರೆ ಅದು ಹೋಗುತ್ತಲೇ ಇರುತ್ತದೆ.

ಊಟಕ್ಕೆ ಹೋಳಿಗೆ, ತುಪ್ಪ, ಅನ್ನ, ಕಟ್ಟಿನ ಸಾರು. ಮೈದುನ ಅಪ್ಪನ ಪಕ್ಕದಲ್ಲೇ ಕೂತು ಉಂಡ. ಮೊದಲು ಮಲಗಿದವರು ಅತ್ತೆ. ಅವನಿಗೆ ಯಾವ ಕೌದಿ ಕೊಟ್ಟು ಕಳಿಸಬೇಕು, ನೀಲಿಯದೋ, ತಮ್ಮ ತವರಿನದೋ ಎಂದು ನನ್ನನ್ನು ಕೇಳುತ್ತ ಕೇಳುತ್ತಲೇ ನಿದ್ದೆ ಹೋದರು.