ಬಾಗಿಲು ಕೀಳಿಸಿದ ಸಾಹೇಬರು

ನಮ್ಮ ಬೀದಿಯಲ್ಲೇ ಮನೆಯಿದ್ದ ಶಾಸಕರನ್ನು ಎಲ್ಲರೂ ಕರೆಯುತ್ತಿದ್ದುದು ಸುಧಾರಣೆ ಸಾಹೇಬರು ಎಂದೇ. ಗೆದ್ದ ದಿನವೇ, ಮುಚ್ಚುಮರೆ ಇರಬಾರದೆಂದು ತಮ್ಮ ಕಚೇರಿಯ ಬಾಗಿಲನ್ನೇ ಕೀಳಿಸಿದರು. ಯಾರಾದರೂ ಹಣ್ಣು ತಂದರೆ, "ತಗೊಂಡು ಹೋಗ್ರೀ, ಬಾಳೆಹಣ್ಣೂ ಲಂಚಾನೇ!" ಎಂದು ಗದರುತ್ತಿದ್ದರು. ಮದುವೆಗೆ ಕರೆದರೆ ಊಟದ ಪಂಕ್ತಿಯನ್ನು ಸುಧಾರಿಸುತ್ತಿದ್ದರು, ಸಾವಿಗೆ ಹೋದರೆ ಹೆಣ ಹೊರುವವರ ಸರದಿಯನ್ನು. ಕೆಮ್ಮಿದರೂ ಭಾಷಣದ ಹಾಗೇ ಕೆಮ್ಮು. ಇಂಥವರು ಸೇತುವೆ ಗುತ್ತಿಗೆದಾರನಿಂದ ದಪ್ಪನೆಯ ಲಕೋಟೆ ಇಸಿದುಕೊಂಡದ್ದೂ ಅದೇ ಕೋಣೆಯಲ್ಲಿ. ಬಾಗಿಲಿಲ್ಲದ್ದು ಅವರಿಗೇ ಮರೆತಿತ್ತೋ ಏನೋ, ಹೊರಗೆ ಕಾದು ಕೂತಿದ್ದ ಹದಿನೇಳು ಜನ ನೋಡಿ ಕೋರ್ಟಿನಲ್ಲಿ ಸಾಕ್ಷಿ ಹೇಳಿದರು. ಮೂರು ವರ್ಷ ಜೈಲಾಯಿತು. ಅವರ ತಾಯಿ, "ನಂಗೆ ಮಗನೇ ಇಲ್ಲ, ಯಾರೂ ಅವನ ಸುದ್ದಿ ಎತ್ತಬೇಡಿ" ಎಂದು ಮನೆಯೊಳಗೇ ಕೂತುಬಿಟ್ಟರು. ಹುಟ್ಟುಗುಣ ಸುಟ್ಟರೂ ಹೋದೀತೇ? ಕೈದಿಗಳನ್ನು ನೋಡಲು ಬರುವ ಮುದುಕರು ಬಿಸಿಲಲ್ಲಿ ನಿಲ್ಲುತ್ತಾರೆಂದು ಸಾಹೇಬರು ಒಳಗಿನಿಂದಲೇ ಅರ್ಜಿಯ ಮೇಲೆ ಅರ್ಜಿ ಬರೆದು, ಜೈಲಿನ ಗೇಟಿನ ಹತ್ತಿರ ನೆರಳಲ್ಲಿ ಒಂದು ಬೆಂಚು ಹಾಕಿಸಿದರು. ಜೈಲಾಗಿ ಎಂಟು ತಿಂಗಳಾದ ಮೇಲೆ, ಮೊನ್ನೆ ಆ ತಾಯಿ ಹೇಗೋ ಮನಸ್ಸು ಮಾಡಿ ನನ್ನ ಕೈಹಿಡಿದು ಅಲ್ಲಿಗೆ ಬಂದರು. ದಾರಿಯಲ್ಲಿ ನಾನು ಹೇಳಿದ್ದ ಆ ಬೆಂಚಿನ ಮೇಲೆ ಕೂತು, ಪಕ್ಕದಲ್ಲಿ ನಿಂತಿದ್ದ ಗುರುತಿಲ್ಲದ ಹೆಂಗಸಿಗೆ ಸರಿದು ಜಾಗ ಮಾಡಿ, "ಕೂತ್ಕೋಮ್ಮ, ನನ್ನ ಮಗ ಹಾಕ್ಸಿರೋದು" ಅಂದರು.