ಹೆಸರು ಬರೆದುಕೊಡದ ಸ್ಟೋರಕ್ಕ

ಬೂಟ್ ಪಾಲಿಶ್ ವಾಸನೆ ಎಂದರೆ ನನಗೆ ಚಿಕ್ಕಂದಿನ ಪಕ್ಕದ ಮನೆಯ ಮೆಟ್ಟಿಲು. ಅಲ್ಲಿ ಕೂತು ಪೊಲೀಸ್ ಮಾಮ ದಿನವೂ ಬೂಟು ತಿಕ್ಕುತ್ತಿದ್ದರು. ಮುಖ ಕಾಣುವಷ್ಟು ಹೊಳೆದ ಮೇಲೂ ತಿಕ್ಕುತ್ತಲೇ ಇರುತ್ತಿದ್ದರು. ಅವರಿಗೆ ಏನಾಗಿದೆ ಎಂದು ನಾವ್ಯಾರೂ ಕೇಳಲಿಲ್ಲ.

ಈಗ ಬೆಳಗಿನ ಆರು ಗಂಟೆ. ಅದೇ ವಾಸನೆಯ ನಡುವೆ, ಪೊಲೀಸರ ಸಮವಸ್ತ್ರದ ಸ್ಟೋರಿನಲ್ಲಿ, ಐವತ್ಮೂರು ವರ್ಷದ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಬೂಟುಗಳನ್ನು ಅಳತೆವಾರು ಜೋಡಿಸುತ್ತಿದ್ದಾರೆ. ಎಲ್ಲರ ಬಾಯಲ್ಲೂ ಅವರು ಸ್ಟೋರಕ್ಕ. ಅವರ ಬಗ್ಗೆ ಬರೆಯಲು ಬಂದ ನಾನು ಪಕ್ಕದಲ್ಲಿ ಕೂತಿದ್ದೇನೆ.

“ಅಕ್ಕಾ, ಈ ಬೂಟು ಕಚ್ತಿದೆ” ಎನ್ನುತ್ತಾನೆ ಒಬ್ಬ ಕಾನ್‌ಸ್ಟೇಬಲ್.

“ಸಾಕಿದೋನು ನೀನೇ ಅಲ್ವೇನೋ? ಕಟ್ಟಿ ಹಾಕ್ಬೇಕಿತ್ತು” ಎಂದು ನಗುತ್ತಾ ಅವರು ಬೇರೆ ಜೋಡಿ ಕೊಡುತ್ತಾರೆ.

ಎಂಟು ಗಂಟೆಯೊಳಗೆ ಮೂವತ್ತು ಜನ ಬಂದು ಹೋಗುತ್ತಾರೆ. ಬೂಟು, ಬೆಲ್ಟು, ಮಳೆಕೋಟು. ನಡುವೆ ಒಬ್ಬರು ಬಂದು, ಒಂದು ಚೂರೂ ಸವೆಯದ ಬೂಟನ್ನು ಮೇಜಿನ ಮೇಲಿಟ್ಟು, “ಅರ್ಜೆಂಟೇನಿಲ್ಲ ಅಕ್ಕ, ಕೂತಿರ್ತೀನಿ” ಎನ್ನುತ್ತಾರೆ. ಸ್ಟೋರಕ್ಕ ನನ್ನತ್ತ ತಿರುಗುತ್ತಾರೆ. “ನೀವು ಸ್ವಲ್ಪ ಹೊರಗಿರಿ ಅಮ್ಮಾ.”

ಕಪಾಟುಗಳ ಹಿಂದೆ ಎರಡು ಸ್ಟೂಲುಗಳಿವೆ. ನಲವತ್ತು ನಿಮಿಷದ ನಂತರ ಅವರು ಅದೇ ಬೂಟು ಹಿಡಿದು ಹೊರಡುತ್ತಾರೆ. ಕಣ್ಣು ಕೆಂಪಗಿದೆ, ನಡಿಗೆ ಹಗುರಾಗಿದೆ.

ಸಹೋದ್ಯೋಗಿಯ ಸಂಕಟವನ್ನು ಗುಟ್ಟಾಗಿ ಕೇಳಿಸಿಕೊಳ್ಳುವುದು ಸ್ಟೋರಕ್ಕನ ಎರಡನೇ ಕೆಲಸ. ಅದಕ್ಕೆ ಇಲಾಖೆಯೇ ಆರು ವರ್ಷದ ಹಿಂದೆ ಐದು ದಿನ ತರಬೇತಿ ಕೊಟ್ಟಿದೆ. ಅದಕ್ಕೂ ಮೊದಲೇ ಅವರ ಜೊತೆ ಕೆಲಸಕ್ಕೆ ಸೇರಿದ ಗೆಳೆಯನೊಬ್ಬ ತನ್ನ ಜೀವ ತಾನೇ ಕಳೆದುಕೊಂಡಿದ್ದ. “ಅವತ್ತು ಬೆಳಿಗ್ಗೆ ಒಟ್ಟಿಗೆ ಟೀ ಕುಡಿದಿದ್ವಿ. ಸಕ್ಕರೆ ಸಾಕಾ ಅಂತ ಕೇಳಿದ್ದೆ. ಇನ್ನೇನೂ ಕೇಳ್ಲಿಲ್ಲ.” ಇಲಾಖೆ ಕಡತದಲ್ಲಿ ‘ಸಂಸಾರದ ತಾಪತ್ರಯ’ ಎಂದು ಬರೆದು ಮುಚ್ಚಿತು. ಹದಿನೆಂಟು ದಿನ ರಜೆಯಿಲ್ಲದೆ ದುಡಿದಿದ್ದ ಎಂದು ಯಾರೂ ಬರೆಯಲಿಲ್ಲ.

ಇಲ್ಲಿ ನಿದ್ದೆ ಬರುತ್ತಿಲ್ಲ ಎಂದು ಬಾಯಿಬಿಟ್ಟವನ ಬಂದೂಕು ಹೋಗುತ್ತದೆ, ಹಿಂದೆಯೇ ಬಡ್ತಿಯೂ ಹೋಗುತ್ತದೆ. ಮಗುವಿನ ಶವ ಎತ್ತಿ ಬಂದವನನ್ನು ಮರುದಿನ ಮೆರವಣಿಗೆಯ ಬಂದೋಬಸ್ತಿಗೆ ನಿಲ್ಲಿಸುತ್ತಾರೆ. ಇಷ್ಟೆಲ್ಲ ಮಾಡಿ, ‘ಮನಸ್ಸಿನ ಆರೋಗ್ಯ ಕೊಠಡಿ’ ಎಂಬ ಬೋರ್ಡನ್ನು ಸಾಹೇಬರ ಬಾಗಿಲಿಗೆ ಎದುರಾಗಿ ತೂಗುಹಾಕಿದ್ದಾರೆ, ಆ ಕೊಠಡಿಗೆ ಗಾಜಿನ ಬಾಗಿಲು ಬೇರೆ! ಹನ್ನೊಂದು ತಿಂಗಳಲ್ಲಿ ಅಲ್ಲಿಗೆ ಬಂದವರು ಇಬ್ಬರು. ಒಬ್ಬ ಫ್ಯಾನ್ ರಿಪೇರಿಯವನು, ಇನ್ನೊಬ್ಬ ದಾರಿ ತಪ್ಪಿದವನು.

ಶುರುವಿನಲ್ಲಿ ಸ್ಟೋರಕ್ಕನೂ ಎಡವಿದ್ದಾರೆ. ಮಾತಾಡಿ ಹೋದವನೊಬ್ಬನ ಠಾಣೆಗೆ ಮರುದಿನ ಫೋನ್ ಮಾಡಿ, “ಈಗ ಹೇಗಿದ್ದಾನೆ?” ಎಂದು ಕೇಳಿಬಿಟ್ಟರು. ಫೋನ್ ಎತ್ತಿದ್ದು ಬೇರೆಯವರು. ಸಂಜೆಯೊಳಗೆ ಇಡೀ ಠಾಣೆ ಅವನನ್ನು ‘ಮೆಂಟಲ್’ ಎನ್ನತೊಡಗಿತು. ಅವನು ವರ್ಗ ಮಾಡಿಸಿಕೊಂಡು ಹೋದ. “ಅಕ್ಕರೆಯಿಂದ ಮಾಡಿದ್ದೇ ಅಮ್ಮಾ, ಅವನ ಮಾನ ಹೋಯ್ತು.” ಅಂದಿನಿಂದ ಅವರು ಯಾರನ್ನೂ ಹುಡುಕಿಕೊಂಡು ಹೋಗುವುದಿಲ್ಲ. ದಾರಿಯಲ್ಲಿ ಸಿಕ್ಕರೂ ಗುರುತು ತೋರುವುದಿಲ್ಲ. ಒಂದು ಚೀಟಿಯೂ ಬರೆದಿಡುವುದಿಲ್ಲ. ಒಂದೇ ಒಂದು ವಿನಾಯಿತಿ, ಅದನ್ನೂ ಕೂತ ಕೂಡಲೇ ಹೇಳಿಬಿಡುತ್ತಾರೆ: “ನಿನ್ನ ಜೀವಕ್ಕೆ ಅಪಾಯ ಅನ್ನಿಸಿದ್ರೆ ಕೈ ಹಿಡಿದು ಡಾಕ್ಟರ ಹತ್ರ ಎಳ್ಕೊಂಡು ಹೋಗ್ತೀನಿ. ಆಮೇಲೆ ಬೈಕೋ.”

ಕಳೆದ ತಿಂಗಳು ಮೇಲಿನಿಂದ ಒಂದು ನಮೂನೆ ಬಂತು. ಮಾತಾಡಲು ಬಂದವರ ಹೆಸರು, ನಂಬರು, ತೊಂದರೆ, ‘ಕರ್ತವ್ಯಕ್ಕೆ ಯೋಗ್ಯರೇ?’ ಏಳು ದಿನದ ಗಡುವು. ಗುಟ್ಟು ಕಾಯಿರಿ ಎಂದು ಕಲಿಸಿದ ಕೈಯೇ ಈಗ ಗುಟ್ಟು ಕೇಳುತ್ತಿದೆ! “ಅವರ ಒಳ್ಳೇದಕ್ಕೇ ಕೇಳ್ತಿರೋದು” ಎಂದರಂತೆ ಸಾಹೇಬರು. ಯಾರ ಒಳ್ಳೆಯದು? ಪಟ್ಟಿ ಕೈಗೆ ಸಿಕ್ಕ ಮರುದಿನವೇ ಆ ಸ್ಟೂಲುಗಳು ಖಾಲಿಯಾಗುತ್ತವೆ. ಆಮೇಲೆ ಮತ್ತೊಬ್ಬನ ಕಡತದಲ್ಲಿ ಅದೇ ‘ಸಂಸಾರದ ತಾಪತ್ರಯ’ದ ಸಾಲು ಬೀಳುತ್ತದೆ.

ಸ್ಟೋರಕ್ಕ ನಮೂನೆ ತುಂಬಿದರು. ಮೊದಲ ಸಾಲಿನಲ್ಲಿ ತಮ್ಮ ಹೆಸರು. ತೊಂದರೆ: ‘ಈ ಕಾಗದ’. ಯೋಗ್ಯರೇ: ‘ನೀವೇ ಹೇಳಿ’. ಉಳಿದ ಸಾಲುಗಳಿಗೆ ಗೀಟು ಎಳೆದು ಕಳಿಸಿದರು.

ಉತ್ತರ ಬೇಗ ಬಂತು. ಸೋಮವಾರದಿಂದ ಅವರಿಗೆ ಹಳೆ ಕಡತಗಳ ಕೋಣೆ. ಮೂವತ್ತು ವರ್ಷದ ಸೇವೆಗೆ ಸಿಕ್ಕ ಜಾಗವೆಂದರೆ ಕಿಟಕಿಯೂ ಇಲ್ಲದ ಆ ಕೋಣೆ. ಇದನ್ನು ಶಿಸ್ತು ಎನ್ನಲು ನನಗೆ ಬಾಯಿ ಬರುವುದಿಲ್ಲ.

“ಬೇಜಾರಿಲ್ವಾ?” ಎನ್ನುತ್ತೇನೆ.

“ನಮ್ಮೆಜಮಾನ್ರು ಬೈದ್ರು. ನಿಂಗ್ಯಾಕೆ ಊರ ಉಸಾಬರಿ ಅಂತ. ಆಮೇಲೆ ಅವರೇ ಅಂದ್ರು, ಅಲ್ಲೂ ಸ್ಟೂಲ್ ಇರುತ್ತಲ್ವೇನೇ ಅಂತ.” ಬೂಟಿನ ಜೋಡಿ ಎಣಿಸುತ್ತಾ ಸೇರಿಸುತ್ತಾರೆ, “ಬರೋರು ಬರ್ಲಿ ಅಮ್ಮಾ. ನನಗೆ ಅಷ್ಟೇ ಸಾಕು.”

ಬೆಳಗಿನಿಂದ ಸ್ಟೋರಿನ ದಾಸ್ತಾನು ಒಪ್ಪಿಸುವ ಪಟ್ಟಿ ಬರೆಯುತ್ತಾ ಅವರು ಊಟ ಮರೆತಿದ್ದಾರೆ. ಎರಡೂವರೆ ದಾಟಿದೆ. ಎತ್ತರದ ಕಾನ್‌ಸ್ಟೇಬಲ್ ಒಬ್ಬರು ಒಳಗೆ ಬರುತ್ತಾರೆ. ಕೈಯಲ್ಲಿ ಬೂಟಿಲ್ಲ.

“ಯಾರು?” ಎಂದು ಪಿಸುಗುಟ್ಟುತ್ತೇನೆ.

“ಹತ್ತನೇ ನಂಬರು ಬೂಟು” ಎನ್ನುತ್ತಾರೆ ಸ್ಟೋರಕ್ಕ, ತಲೆ ಎತ್ತದೆ.

ಆತ ಪಟ್ಟಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಇನ್ನೂ ಬಿಸಿಯಿರುವ ಊಟದ ಡಬ್ಬಿಯನ್ನು ಅವರ ಕೈಗಿಡುತ್ತಾರೆ.